ಸೋಮವಾರದ ಚಿತ್ರಗಳು

ಸೊಕ್ಕೆ, ಜಗಳೂರು ತಾಲ್ಲೂಕು
6-12-2025, ಶನಿವಾರ

ನನ್ನ ದುರುಗಿ,

ಫೋನ್ ಮಾಡಿದರೆ ನೀನು ಎತ್ತೋದಿಲ್ಲ. ಹೋದ ವರ್ಷ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಗಂಟಲು ಹರಿಯೋ ಹಾಗೆ ನಾನು ಕೂಗಿದರೂ ನೀನು ತಿರುಗಿ ನೋಡದೆ ಶಿವಮೊಗ್ಗದ ಬಸ್ ಹತ್ತಿಬಿಟ್ಟೆ. ಬೆಂಗಳೂರಲ್ಲಿ ಆರ್ಟ್ ಓದಿದವಳಿಗೆ ಹಳ್ಳಿಯ ಡ್ರಾಯಿಂಗ್ ಟೀಚರ್ ಯಾವ ಲೆಕ್ಕ ಅಂತ ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಈಗ ನಿನ್ನ ಟೈಲರಿಂಗ್ ಅಂಗಡಿಯ ವಿಳಾಸಕ್ಕೆ ಈ ಕಾಗದ ಹಾಕ್ತಿದ್ದೀನಿ. ಹರಿದು ಹಾಕೋ ಮುಂಚೆ ಪೂರ್ತಿ ಓದು, ನಿನ್ನ ದಮ್ಮಯ್ಯ.

ಜಗಳೂರಿನಲ್ಲಿ ನಮ್ಮ ಪಿಯುಸಿ ಮುಗಿದ ವರ್ಷ ನೆನಪಿದೆಯಾ? ಬೆಂಗಳೂರಿನ ಆರ್ಟ್ ಕಾಲೇಜಿಗೆ ಇಬ್ಬರೂ ಅರ್ಜಿ ಹಾಕಿದ್ದೆವು, ಇಬ್ಬರಿಗೂ ಸೀಟು ಬಂತು. ಅಪ್ಪ ಕಳಿಸಲ್ಲ ಅಂತಾರೆ ಅಂತ ನಿಮ್ಮ ಮನೆ ಕಟ್ಟೆ ಮೇಲೆ ಕೂತು ನಾನು ಅತ್ತೆ. ಸುಮ್ನಿರೇ, ನಾನು ನೋಡಿದ ಚಿತ್ರನೆಲ್ಲ ನಿಂಗೆ ಬರೀತೀನಿ, ಒಂದೇ ಸೀಟಿನಾಗೆ ಇಬ್ರೂ ಓದಾನ ಅಂತ ನೀನು ಸಮಾಧಾನ ಮಾಡಿದೆ. ಹೇಳಿದ ಹಾಗೇ ಬರೆದೆ ಕೂಡ. ಮೂರು ವರ್ಷ, ತಿಂಗಳಿಗೆ ಎರಡು ಕಾಗದ. ಇವತ್ತು ಸೋಮವಾರ, ಮ್ಯೂಸಿಯಂಗೆ ಹೋಗಿದ್ದೆ ಅಂತಲೇ ಶುರು.

ನಾನು ದಾವಣಗೆರೆಗೆ ಬಸ್ಸಿನಲ್ಲಿ ಓಡಾಡಿ ಡ್ರಾಯಿಂಗ್ ಮಾಸ್ಟರ್ ಕೋರ್ಸ್ ಮಾಡ್ತಿದ್ದೆ. ಕಿಟಕಿ ಪಕ್ಕ ಕೂತು ನಿನ್ನ ಕಾಗದ ಓದೋದು, ಮನೆಗೆ ಬಂದು ನೀನು ವರ್ಣಿಸಿದ ಚಿತ್ರವನ್ನ ಬಣ್ಣದಲ್ಲಿ ಬಿಡಿಸೋದು. ಎಮ್ಮೆ ಬೆನ್ನ ಮೇಲೆ ಕೂತು ಪುಸ್ತಕ ಓದುವ ಹುಡುಗಿ. ಒಂದೇ ಜೊತೆ ಚಪ್ಪಲಿಯನ್ನ ಸರದಿ ಮೇಲೆ ಮೆಟ್ಟಿಕೊಂಡು ಕಾದ ಬಂಡೆ ದಾಟುವ ಮೂವರು ಹೆಂಗಸರು. ಹೊಲದ ನಡುವೆ ಕನ್ನಡಿ ಹಿಡಿದು ನಿಂತ ಅಜ್ಜಿ. ಕನ್ನಡಿಯಲ್ಲಿ ಅವಳ ಮುಖವಿಲ್ಲ, ಮೋಡವಿದೆ. ಆ ಮೋಡ ಎಂಥಾ ಬೂದಿ ಬಣ್ಣದ್ದು ಅಂತ ನಾನು ಕೇಳಿದ್ದಕ್ಕೆ, ಹೊಗೆ ಹಿಡಿದ ಅಲ್ಯೂಮಿನಿಯಂ ಪಾತ್ರೆಯದು ಅಂತ ನೀನು ಬರೆದಿದ್ದೆ. ನಮ್ಮ ಶಾಲೆ ಮಕ್ಕಳಿಗೆ ಇವತ್ತಿಗೂ ಆ ಚಿತ್ರ ತೋರಿಸಿ ಹಾಗೇ ಹೇಳಿಕೊಡ್ತೀನಿ. ಎಂಥಾ ದಿನಗಳು ಕಣೇ ಅವು! ಆಮೇಲೆ ಕಾಗದ ನಿಂತುಹೋದವು. ನೀನು ಮದುವೆಯಾಗಿ ಹೊನ್ನಾಳಿಗೆ ಬಂದದ್ದನ್ನೂ ಯಾರದೋ ಬಾಯಿಂದ ಕೇಳಿದೆ.

ಮೊನ್ನೆ ಒಂದನೇ ತಾರೀಕು ಶಾಲೆ ಮಕ್ಕಳನ್ನ ಬೆಂಗಳೂರಿಗೆ ಪ್ರವಾಸ ಕರಕೊಂಡು ಹೋಗಿದ್ದೆವು. ಮ್ಯೂಸಿಯಂ ಯಾವತ್ತು ಇಟ್ಕೊಳ್ಳೋಣ್ರೀ ಟೀಚರ್ ಅಂತ ಹೆಡ್ ಮಾಸ್ಟರ್ ಬೀರಲಿಂಗಪ್ಪನವರು ಮೊದಲೇ ಕೇಳಿದ್ದರು. ಸೋಮವಾರವೇ ಆಗಲಿ ಸಾರ್, ಅವತ್ತು ಗದ್ದಲ ಇರಲ್ಲ, ನನ್ನ ಗೆಳತಿ ಮೂರು ವರ್ಷ ಸೋಮವಾರವೇ ಹೋಗ್ತಿದ್ದಳು ಅಂತ ದೊಡ್ಡದಾಗಿ ಹೇಳಿದ್ದೆ. ನಲವತ್ತೆರಡು ಮಕ್ಕಳನ್ನ ಸಾಲು ಮಾಡಿಸಿಕೊಂಡು ಹೋದರೆ ಗೇಟಿಗೆ ಬೀಗ! ಸೋಮವಾರ ರಜೆ ಅಂತ ಬೋರ್ಡು ಬೇರೆ. ಹೆಡ್ ಮಾಸ್ಟರ್ ಮುಖ ನೀನು ನೋಡಬೇಕಿತ್ತು.

ಒಳಗಿನಿಂದ ವಾಚ್‌ಮನ್ ಬಂದರು. ತಿಪ್ಪೇಶಪ್ಪ ಅಂತ, ಚಳ್ಳಕೆರೆ ಕಡೆಯವರು, ಇನ್ನೇನು ರಿಟೈರ್ ಆಗೋ ವಯಸ್ಸು. ಸೋಮವಾರ ಯಾವತ್ತೂ ತೆಗೆಯಲ್ಲಮ್ಮ, ನಾನು ಬಂದಾಗಿಂದ ಹಿಂಗೇ ಐತೆ ಅಂದರು. ನಾನು ಬಿಡಬೇಕಲ್ಲ! ನಿನ್ನ ಹೆಸರು ಹೇಳಿ ಜಗಳಕ್ಕೇ ನಿಂತೆ. ಅವರು ನನ್ನ ಮುಖವನ್ನೇ ನೋಡಿ, ಜಗಳೂರಿನ ದುರುಗಮ್ಮನಾ ಅಂತ ಕೇಳಿದರು. ಆಮೇಲೆ ಎಲ್ಲಾ ಹೇಳಿದರು. ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ನೀನು ಮೊದಲ ವರ್ಷವೇ ಕಾಲೇಜು ಬಿಟ್ಟು ಸೀರೆ ಅಂಗಡಿ ಸೇರಿದ್ದು. ಆ ಅಂಗಡಿಯಲ್ಲಿ ನಿನಗೆ ಸೋಮವಾರ ಒಂದೇ ರಜೆ. ಕಾಕಾ, ಸ್ವಲ್ಪ ಹೊತ್ತು ಕೂರಾಕೆ ಬಿಡ್ರಿ ಅಂತ ಕೇಳಿ ಒಳಗೆ ಬಂದು, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಮುಚ್ಚಿದ ಬಾಗಿಲಿನ ಎದುರು ಕೂತು ಬರೀತಿದ್ದದ್ದು. ಯಾರಿಗಮ್ಮ ಅಂದರೆ ನಮ್ಮ ಹೇಮಿಗೆ ಅಂತಿದ್ದೆಯಂತೆ. ಮಕ್ಕಳ ಮುಂದೆಯೇ ಅತ್ತುಬಿಟ್ಟೆ ಕಣೇ. ಬೀರಲಿಂಗಪ್ಪನವರು ನೀರಿನ ಬಾಟಲಿ ಕೊಟ್ಟು ಮಕ್ಕಳನ್ನ ಆ ಕಡೆ ಕರಕೊಂಡು ಹೋದರು.

ಮಾರನೇ ದಿನ ಮತ್ತೆ ಹೋಗಿ ಒಳಗೆ ನೋಡಿದೆವು. ಚಿತ್ರಗಳು ಚೆನ್ನಾಗಿದ್ದವು, ಇಲ್ಲ ಅನ್ನಲಾರೆ. ಆದರೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ಕೋಣೆಯಲ್ಲೂ ನನ್ನ ಸೆರಗು ಎಳೆದು, ಕನ್ನಡಿ ಅಜ್ಜಿ ಎಲ್ಲೈತ್ರೀ ಟೀಚರ್ ಅಂತ ಕೇಳಿದಳು. ಅದು ಇಲ್ಲಿಲ್ಲ, ಅದನ್ನ ಕಂಡವಳು ಹೊನ್ನಾಳಿಯಲ್ಲಿದ್ದಾಳೆ ಅಂದೆ. ಅಷ್ಟೂ ಚಿತ್ರ ನಿನ್ನವೇ ದುರುಗಿ. ನಾನು ಬರೀ ಬ್ರಷ್ ಹಿಡಿದವಳು. ಸುಳ್ಳು ಬರೆದೆ ಅನ್ನೋ ನಾಚಿಕೆಗೆ ಇಷ್ಟು ವರ್ಷ ನನ್ನಿಂದ ತಪ್ಪಿಸಿಕೊಂಡು ಓಡಾಡಿದೆಯಾ? ಹುಚ್ಚಿ! ನಾನು ಮಾತ್ರ ಅದನ್ನ ಜಂಬ ಅಂದುಕೊಂಡೆ.

ಆ ಚಿತ್ರಗಳು ನನ್ನ ಹತ್ತಿರ ಅರವತ್ತೆಂಟು ಇವೆ. ಶಾಲೆಯ ದೊಡ್ಡ ಕೋಣೆಯಲ್ಲಿ ಪ್ರದರ್ಶನ ಇಡ್ತಿದ್ದೀವಿ. ಪ್ರತಿಯೊಂದರ ಕೆಳಗೂ ಕಲ್ಪನೆ: ದುರುಗಮ್ಮ ಅಂತ ಮಕ್ಕಳು ಬರೀತಿದ್ದಾರೆ. ಇದೇ ಇಪ್ಪತ್ತೆರಡು, ಸೋಮವಾರ. ಅವತ್ತೇ ಆಗಬೇಕು ಅಂತ ನಾನೇ ಹಟ ಹಿಡಿದೆ. ನೀನು ಬರೋವರೆಗೂ ಬಾಗಿಲು ಹಾಕಲ್ಲ. ದಾವಣಗೆರೆ ಮೇಲೆ ಜಗಳೂರಿಗೆ ಬಂದಿಳಿ, ಅಲ್ಲಿಗೆ ಸ್ಕೂಟಿ ತರ್ತೀನಿ.

ನಿನ್ನ ಸೀಟಿನ ಪಾಲುಗಾರ್ತಿ,
ಹೇಮಾವತಿ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ನಾನೂ ಒಂದು ಸುಳ್ಳು ಹೇಳಿದ್ದೀನಿ, ಅದು ನಿನ್ನದಕ್ಕಿಂತ ಮೊದಲಿನದು. ಅಪ್ಪ ಬೇಡ ಅಂದಿರಲೇ ಇಲ್ಲ. ಹೋಗಿ ಓದವ್ವ ಅಂತ ದಾವಣಗೆರೆಯಿಂದ ಹಸಿರು ಟ್ರಂಕು ತಂದಿದ್ದರು. ಭಯಬಿದ್ದವಳು ನಾನು. ಆ ಊರಿಗೆ, ಆ ಇಂಗ್ಲಿಷಿಗೆ ಹೆದರಿದೆ. ಹೇಳೋಕೆ ನಾಚಿಕೆಯಾಗಿ ಅಪ್ಪನ ಮೇಲೆ ಹಾಕಿದೆ. ಮನೆಯಲ್ಲಿ ಸುಮ್ಮನೆ ಬಿದ್ದಿತ್ತು ಅಂತ ನಿನಗೆ ಕೊಟ್ಟೆನಲ್ಲ, ಅದೇ ಆ ಟ್ರಂಕು. ನಾನೂ ಜೊತೆಗೆ ಬಂದಿದ್ದರೆ ಆ ಇಂಗ್ಲಿಷನ್ನ ಇಬ್ಬರೂ ಸೇರಿ ಹೆಂಗೋ ದಾಟ್ತಿದ್ದೆವು. ನಿನ್ನೊಬ್ಬಳನ್ನೇ ಕಳಿಸಿಬಿಟ್ಟೆ. ಸೋಮವಾರ ಬಂದು ಎಲ್ಲರ ಎದುರು ಬೈ. ಆದರೆ ಬಾ.