ಅವರು ಹೇಳದ ಅಂಕೆ

ಮಾರ್ಚ್ ೧೧, ಮಂಗಳವಾರ

ಇವತ್ತು ಮಾಡಿದ್ದನ್ನು ಯಾರಿಗೂ ಹೇಳುವ ಮುಖವಿಲ್ಲ. ಕಾಯಿಲೆಯ ಒತ್ತಡವನ್ನು ರೋಗಿಗಳು ಹೇಗೆ ತಾಳಿಕೊಳ್ಳುತ್ತಾರೆ ಎಂಬ ನನ್ನ ನರ್ಸಿಂಗ್ ಓದಿನ ಸಂಶೋಧನೆಗೆ ಡಯಾಲಿಸಿಸ್ ವಾರ್ಡಿನಲ್ಲಿ ಕೊನೆಯ ಪ್ರಶ್ನಾವಳಿ ತುಂಬಿಸುತ್ತಿದ್ದೆ. ಉತ್ತರ ಹೇಳುತ್ತಿದ್ದವರು ಬಟ್ಟೆ ಹೊಲಿದು ಬದುಕುವ, ವಾರ್ಡಿನವರೆಲ್ಲ ಟೈಲರಮ್ಮ ಎಂದು ಕರೆಯುವ ರೋಗಿ. ದಿನದ ಕೆಲಸಗಳನ್ನು ಎಷ್ಟು ಚೆನ್ನಾಗಿ ನಿಭಾಯಿಸುತ್ತಿದ್ದೀರಿ ಎಂಬ ಒಂಬತ್ತನೇ ಪ್ರಶ್ನೆಗೆ ಅವರು, "ಮೊನ್ನೆ ಮಗಳ ಅಂಗಿಗೆ ಗುಂಡಿ ಹಾಕೋಕೆ ಕೂತೆ ಸಿಸ್ಟರ್. ಕೈ ನಡುಗಿ ಸೂಜಿಗೆ ದಾರ ಪೋಣಿಸೋಕೇ ಆಗ್ಲಿಲ್ಲ. ಅವಳು ನೋಡ್ಬಾರ್ದು ಅಂತ ಬಚ್ಚಲಿಗೆ ಹೋಗಿ..." ಎಂದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

ನಾನು ಗಡಿಯಾರ ನೋಡಿದೆ. "ಒಂದರಿಂದ ಐದರೊಳಗೆ ಒಂದು ನಂಬರ್ ಹೇಳ್ಬಿಡಿ ಅಮ್ಮಾ, ಸಾಕು" ಎಂದೆ.

ಅವರು ಹೊದಿಕೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ತಪ್ಪು ತಿಳ್ಕೋಬೇಡಿ, ನಿಮ್ಮ ಟೈಮ್ ಹಾಳ್ಮಾಡ್ದೆ. ನಿಮ್ಮ ಓದಿಗೆ ಯಾವ್ದು ಒಳ್ಳೇದೋ ಅದನ್ನೇ ಬರ್ಕೊಳ್ಳಿ."

ನಾಲ್ಕು ಎಂದು ಬರೆದುಕೊಂಡೆ. ನಾಲ್ಕು ಎಂದರೆ ಚೆನ್ನಾಗಿ ನಿಭಾಯಿಸುತ್ತಿದ್ದಾರೆ ಎಂದರ್ಥ.

ಸಂಜೆ ನನ್ನ ಗೈಡ್ ಮೇಡಂ ಹಾಳೆಗಳನ್ನು ತಿರುವಿ, "ಒಂದು ಕಡೆನೂ ಖಾಲಿ ಬಿಟ್ಟಿಲ್ಲ, ಭೇಷ್" ಎಂದು ಬೆನ್ನು ತಟ್ಟಿದರು. ನಾನು ನಕ್ಕೆ. ನಕ್ಕೆನಲ್ಲ, ಅದೇ ಹೆಚ್ಚು ಚುಚ್ಚುತ್ತಿದೆ.

ಆ ನಾಲ್ಕನ್ನು ಈಗ ಹೊಡೆದುಹಾಕಿದ್ದೇನೆ. ನಾಳೆ ಮೇಡಂ ಹತ್ತಿರ ಒಪ್ಪಿಕೊಳ್ಳಬೇಕು. ಗುರುವಾರ ಟೈಲರಮ್ಮ ಮತ್ತೆ ಬರುತ್ತಾರೆ. ಪೆನ್ನು ಹಾಳೆ ಏನೂ ಇಲ್ಲದೆ ಪಕ್ಕದಲ್ಲಿ ಕೂತು, ಅರ್ಧಕ್ಕೆ ನಿಂತ ಮಾತನ್ನು ಕೇಳಬೇಕು. ನನ್ನ ಮುಖ ನೋಡಿದ ಕೂಡಲೇ ಅವರು, "ನಾನು ಚೆನ್ನಾಗೇ ಇದ್ದೀನಿ ಸಿಸ್ಟರ್" ಅಂದುಬಿಟ್ಟರೆ, ಆ ಸುಳ್ಳನ್ನು ಹೇಳಿಕೊಟ್ಟವಳು ನಾನೇ.