ತಟ್ಟೆ ಹಾಕಿದ ಸವಾಲು

ಅಪ್ಪಾ,

ನೀವು ಹೋದಾಗಿನಿಂದ ಕೋಣೆಯಿಂದಾಚೆ ಬಾರದ ಅಮ್ಮ ಈ ಸಂಜೆ ಚಂದ್ರಗ್ರಹಣ ನೋಡಲು ತಾರಸಿ ಹತ್ತಿದಳು!

ಚಂದ್ರನ ಮೇಲೆ ಭೂಮಿಯ ನೆರಳು ಬಾಗಿ ಬಿದ್ದಿತ್ತು. "ಇದನ್ನ ನೋಡಿಯೇ ಹಿಂದಿನವರು ಭೂಮಿ ಗುಂಡಗಿದೆ ಅಂತ ಕಂಡುಹಿಡಿದ್ರು," ಎಂದೆ ಮಗಳಿಗೆ.

"ತಟ್ಟೆ ನೆರಳೂ ಗುಂಡಗೇ ಇರುತ್ತಲ್ಲಪ್ಪಾ?"

ಭೂಗೋಳದ ಮೇಷ್ಟ್ರ ಮಗನಿಗೆ ಗೋಳಷ್ಟೇ ಉಳಿಯಿತು.

ಆಗ ಅಮ್ಮ ತಟ್ಟೆಯೊಂದನ್ನು ತರಿಸಿ ಟಾರ್ಚಿನ ಮುಂದೆ ಓರೆಯಾಗಿ ಹಿಡಿದಳು. ಗೋಡೆಯ ಮೇಲೆ ನೆರಳು ಸೌತೆಕಾಯಿಯಾಯಿತು! ಆಮೇಲೆ ಮಗಳ ಚೆಂಡನ್ನು ಹಿಡಿದಳು; ಹೇಗೆ ತಿರುಗಿಸಿದರೂ ನೆರಳು ದುಂಡಗೇ.

"ಯಾವ ಗ್ರಹಣದಲ್ಲೂ ನೆರಳು ಸೌತೆಕಾಯಿ ಆಗಿಲ್ಲ ಕಣೇ. ಅದಕ್ಕೇ ಭೂಮಿ ಚೆಂಡು. ನಿನ್ನ ತಾತ ಮದುವೆಯಾದ ಹೊಸದರಲ್ಲಿ ಇದೇ ಪಾಠ ಮಾಡ್ತಿದ್ರು, ಮಹಾ ರಸಿಕರು!"

ನಕ್ಕಳು, ಅಪ್ಪಾ! ಇಳಿಯುವಾಗ ನನ್ನ ತೋಳು ಹಿಡಿದು ಕೇಳಿದಳು: "ಮುಂದಿನ ಗ್ರಹಣ ಯಾವಾಗೋ?"