ಮೊದಲು ಚಾಚಿದ ಎಳೆ

ಅಕ್ಕಾ,

ನಾವು ಮಾತಾಡುತ್ತಿದ್ದ ಕಾಲದಲ್ಲಿ ನೀನು ಮೂಗು ಮುಚ್ಚಿಕೊಂಡು ಬೈಯುತ್ತಿದ್ದ ಬೂಷ್ಟು ಇವತ್ತು ನನ್ನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಒಂದೇ ಬೂಷ್ಟನ್ನು ದೊಡ್ಡದೊಂದು, ಚಿಕ್ಕದೊಂದು ತುಂಡು ಮಾಡಿ, ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಆಚೆಗೊಂದು ಈಚೆಗೊಂದು ಬೆಳೆಸಿದ್ದೆವು. ಎದುರಾದರೆ ನಡುವೆ ಗೆರೆ ಬಿಟ್ಟು ನಿಂತುಬಿಡುತ್ತವೆ ಎಂದು ನನ್ನ ಪ್ರೋಗ್ರಾಮ್ ಹೇಳಿತ್ತು. ಅವು ಎಳೆಗೆ ಎಳೆ ಬೆಸೆದು ಒಂದಾದವು!

ಪ್ರೊಫೆಸರ್ ನಕ್ಕರು. “ಒಂದೇ ಒಡಲಿನವು ಕಣಮ್ಮಾ. ಬೇರೆ ಬೆಳೆದ ಮಾತ್ರಕ್ಕೆ ಗುರುತು ಮರೆತು ಹೋಗುತ್ತಾ?”

ಯಾವುದು ಮೊದಲು ಎಳೆ ಚಾಚಿತು? ವಿಡಿಯೊವನ್ನು ಹಿಂದೆ ಮುಂದೆ ಓಡಿಸಿದೆ, ತಿಳಿಯಲಿಲ್ಲ. ಆದರೆ ಪ್ರೋಗ್ರಾಮ್ ತಿದ್ದಬೇಕಾದರೆ ಕಂಪ್ಯೂಟರಿಗೆ ಯಾರು ಮೊದಲು ಎಂದು ಹೇಳದೆ ವಿಧಿಯಿಲ್ಲ. ನಿನ್ನನ್ನು ಕೇಳಿದ್ದರೆ “ಚಿಕ್ಕವರೇ ಬರ್ಬೇಕು” ಅನ್ನುತ್ತಿದ್ದೆ. ನಿನ್ನ ಮನೆ ಎರಡೇ ಬೀದಿಯಾಚೆ.

ಚಿಕ್ಕದೇ ಮೊದಲು ಎಂದು ಬರೆದೆ. ಪರದೆಯ ಮೇಲೆ ಅದು ಹೊರಟೇಬಿಟ್ಟಿತು, ಅಕ್ಕಾ.